ಹಸಿರು ನೂಲಿನ ಸಾಕ್ಸು

ನೆಬೀಸಳ ಬಲಗಾಲಿನ ಸಾಕ್ಸು ಕಳಚಲು ಡಾಕ್ಟರು ತೆಗೆದುಕೊಂಡ ಹೊತ್ತು ನೋಡಿ, ಬಾಗಿಲ ಬಳಿ ನಿಂತಿದ್ದ ನಿಯಾಝ್‌ಗೆ ತಾನೇ ಹೋಗಿ ಒಂದೇ ಸಲ ಎಳೆದುಬಿಡೋಣ ಅನ್ನಿಸಿತು. ತಾಳ್ಮೆ ಅನ್ನುವುದು ಅವನ ಮೈಯಲ್ಲೇ ಇರಲಿಲ್ಲ. ಈಗ ಇಪ್ಪತ್ತಮೂರು ವರ್ಷ. ಎಂಟನೇ ಕ್ಲಾಸಿನ ನಡುವೆ ಮೇಷ್ಟ್ರ ಹತ್ತಿರ ಜಗಳ ಮಾಡಿ ಶಾಲೆ ಬಿಟ್ಟ ದಿನದಿಂದ, ಯಾರ ಮೇಲಾದರೂ ಒಮ್ಮೆ ಸಿಟ್ಟು ಮಾಡಿಕೊಳ್ಳದೆ ಅವನು ರಾತ್ರಿ ಊಟ ಮಾಡಿದ್ದು ಕಡಿಮೆ.

ಡಾಕ್ಟರ್ ಚಿನ್ಮಯೀ ನೀರು ಹಾಕಿ ಹಾಕಿ ನೆನೆಸಿ, ಕಿರುಬೆರಳಿಗೆ ಅಂಟಿದ್ದ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿದರು. ಅಡಿಯಲ್ಲಿ ಗುಲಗಂಜಿಯಷ್ಟು ಅಗಲದ ಹುಣ್ಣು. ಅದರ ಅಂಚು ಕಪ್ಪಾಗಿತ್ತು. ನೆಬೀಸ ಮಾತ್ರ ಮೇಲಿನ ಫ್ಯಾನು ನೋಡುತ್ತ ಮಲಗಿದ್ದಳು, ಕಾಲು ಪಕ್ಕದ ಮನೆಯವರದ್ದು ಎಂಬ ಹಾಗೆ.

"ನೋವಾಗುದಿಲ್ವಾ ಉಮ್ಮ?"

"ಎಂತದೂ ಇಲ್ಲ ಡಾಕ್ಟ್ರೆ. ಶುಗರು ಬಂದು ಅದು ನಿದ್ದೆ ಹೋಗಿ ಎರಡು ವರ್ಷ ಆಯ್ತು."

"ಅದೇ ತೊಂದರೆ. ನೋವಾಗ್ತಿದ್ರೆ ನೀವು ಮೊದಲ ದಿನವೇ ಬರ್ತಿದ್ರಿ." ಡಾಕ್ಟರು ಕಳಚಿದ ಸಾಕ್ಸಿನ ಒಳಗನ್ನು ಹೊರಗೆ ಮಾಡಿ ಬೆರಳ ತುದಿಯ ಜಾಗದಲ್ಲಿ ಹೆಬ್ಬೆರಳು ಆಡಿಸಿದರು. ಅಲ್ಲೊಂದು ಉಬ್ಬಿದ ಹೊಲಿಗೆ ಈ ತುದಿಯಿಂದ ಆ ತುದಿಗೆ ಓಡಿತ್ತು. ಅದು ಮುಗಿಯುವಲ್ಲಿ ಅರ್ಧ ಇಂಚಿನ ನೂಲಿನ ಬಾಲ. ಒಗೆದೂ ಒಗೆದೂ ಅದು ಸುತ್ತಿಕೊಂಡು ಸಾಸಿವೆ ಕಾಳಿನ ಹಾಗೆ ಗಟ್ಟಿಯಾಗಿತ್ತು. "ಇದು ನೋಡಿ. ಇದೇ ಒತ್ತಿ ಒತ್ತಿ ಗಾಯ ಮಾಡಿದ್ದು. ಯಾವ ಕಂಪೆನಿಯದ್ದು ಈ ಸಾಕ್ಸು?"

ನೆಬೀಸ ಮಲಗಿದಲ್ಲೇ ತಲೆ ಎತ್ತಿದಳು. "ಕಂಪೆನಿಯದ್ದಲ್ಲ, ನನ್ನ ಮಗನದ್ದು! ಅಗೊ, ಬಾಗಿಲಲ್ಲಿ ನಿಂತವನು. ಪುತ್ತೂರಲ್ಲಿ ನೌಷಾದನ ಯೂನಿಟ್ ಉಂಟಲ್ಲ, ಅಲ್ಲಿ ಹೊಲಿಯುದು. ಒಳಗೆ ಹಸಿರು ನೂಲು ಇದ್ರೆ ಇವನು ಹೊಲಿದದ್ದು. ಬೇರೆಯವರದ್ದು ನಾನು ಕಾಲಿಗೆ ಹಾಕುದೇ ಇಲ್ಲ."

ಡಾಕ್ಟರು ನಿಯಾಝ್‌ನ ಮುಖ ನೋಡಿದರು. ಮತ್ತೆ ಕಾಲಿನ ಕಡೆ ಬಗ್ಗಿದರು. ಬೈದಿದ್ದರೆ ಅವನಿಗೆ ಜಗಳ ಮಾಡಲು ಒಂದು ದಾರಿಯಾದರೂ ಇರುತ್ತಿತ್ತು.

"ಹತ್ತು ದಿನ ನೋಡುವ," ಎಂದರು ಡ್ರೆಸ್ಸಿಂಗ್ ಮಾಡುತ್ತ. "ಒಣಗಿದ್ರೆ ಬೆರಳು ಉಳೀತದೆ. ಕಪ್ಪು ಮೇಲೆ ಹತ್ತಿದ್ರೆ ಬೆರಳು ತೆಗೀಬೇಕು. ಇಲ್ಲಾಂದ್ರೆ ಪಾದಕ್ಕೆ ಹೋಗ್ತದೆ. ಬರಿಗಾಲಲ್ಲಿ ನಡೆಯುವ ಹಾಗಿಲ್ಲ. ನಮಾಜಿಗೆ ಕಾಲು ತೊಳೆದ ಮೇಲೆ ಬೆರಳಿನ ಸಂದು ಚೆನ್ನಾಗಿ ಒರೆಸಿ. ಹತ್ತಿಯ ಸಾಕ್ಸು ಹಾಕಬೇಕು, ಇಂತಹದ್ದಲ್ಲ. ಒಳಗಿನ ಹೊಲಿಗೆ ಕೈಗೆ ಸಿಗಬಾರದು. ಅಂತಹದ್ದು ಸಿಗುವವರೆಗೆ ಮನೆಯಲ್ಲಿದ್ದದ್ದನ್ನೇ ಉಲ್ಟಾ ಮಾಡಿ ಹಾಕಿ."

"ಉಲ್ಟಾ?" ನೆಬೀಸಳಿಗೆ ಬೆರಳು ತೆಗೆಯುವ ಮಾತಿಗಿಂತ ಇದೇ ಹೆಚ್ಚು ತಾಗಿತು. "ಜನ ನೋಡಿದ್ರೆ ಎಂತ ಹೇಳ್ಯಾರು ಡಾಕ್ಟ್ರೆ? ನೆಬೀಸನ ಮಗನಿಗೆ ಸಾಕ್ಸು ಹೊಲೀಲಿಕ್ಕೆ ಗೊತ್ತಿಲ್ಲ ಅಂತ ಹೇಳ್ಲಿಕ್ಕಿಲ್ವಾ?"

ತಮ್ಮೂರು ಕೊಯಿಲಕ್ಕೆ ಹೋಗುವ ಬಸ್ಸಿಗೆ ಉಮ್ಮನನ್ನು ಹತ್ತಿಸಿ, ಕಳಚಿದ ಸಾಕ್ಸನ್ನು ಕಿಸೆಗೆ ಹಾಕಿಕೊಂಡು ನಿಯಾಝ್ ಮೆಡಿಕಲ್ ಅಂಗಡಿಗೆ ಹೋದ. ಶುಗರಿನವರ ಸಾಕ್ಸು ಉಂಟಾ ಎಂದು ಕೇಳಿದ. ಚಂದದ ಡಬ್ಬಿಯಲ್ಲಿ ಒಂದು ಜೊತೆ ತೆಗೆದುಕೊಟ್ಟರು. ಕೈ ಒಳಗೆ ತೂರಿಸಿ ನೋಡಿದರೆ ಅದರೊಳಗೂ ಅದೇ ಉಬ್ಬು. ಡಬ್ಬಿಯ ಮೇಲೆ ನಗುವ ಕಾಲಿನ ಚಿತ್ರ ಬೇರೆ. ಅವನು ಅದನ್ನು ಮೇಜಿನ ಮೇಲೆ ಕುಕ್ಕಿ ಹೊರಟ. ಉಮ್ಮನ ಸಾಕ್ಸಿನೊಳಗಿನ ಹಸಿರು ನೂಲು ಅವನ ಕಣ್ಣಿಗೂ ಬಿದ್ದಿತ್ತು. ಆದರೆ ಕಂಡದ್ದನ್ನು ಸಿಟ್ಟು ನುಂಗಿಬಿಟ್ಟಿತ್ತು. ಯಾರ ಮೇಲೆ ಹೋಗಿ ಬೀಳಬೇಕೆಂದು ಕಾಲಿಗೆ ಮೊದಲೇ ಗೊತ್ತಿತ್ತು.

ಸಾಕ್ಸು ಹುಟ್ಟುವಾಗ ಅದಕ್ಕೆ ಮೂತಿ ಇರುವುದಿಲ್ಲ. ಮೆಷಿನಿನ ಹೊಟ್ಟೆಯಿಂದ ಅದು ಎರಡೂ ಕಡೆ ತೆರೆದ ಕೊಳವೆಯಾಗಿ ಜಾರಿ ಬೀಳುತ್ತದೆ. ಹಿಮ್ಮಡಿ ಇರುತ್ತದೆ, ಬೆರಳಿನ ಚೀಲವೂ ಇರುತ್ತದೆ. ತುದಿ ಮಾತ್ರ ಬಾಯಿ ಬಿಟ್ಟುಕೊಂಡಿರುತ್ತದೆ. ಅದನ್ನು ಮುಚ್ಚುವ ಕೆಲಸಕ್ಕೆ ಯೂನಿಟ್ಟಿನಲ್ಲಿ ಮೂತಿ ಮುಚ್ಚುವುದು ಎನ್ನುತ್ತಾರೆ. ಮುಚ್ಚಲು ಎರಡು ದಾರಿ. ಓವರ್‌ಲಾಕ್ ಮೆಷಿನಿಗೆ ಕೊಟ್ಟರೆ ಎರಡು ಅಂಚನ್ನೂ ಒಟ್ಟಿಗೆ ಹಿಡಿದು, ಹೆಚ್ಚಾದದ್ದನ್ನು ಕತ್ತರಿಸಿ, ಮೇಲೆ ನೂಲು ಸುತ್ತಿ ಹೊಲಿದುಬಿಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ, ಒಳಗೊಂದು ಉಬ್ಬು ಉಳಿಯುತ್ತದೆ. ಇನ್ನೊಂದು ಲಿಂಕಿಂಗ್. ಮೇಲಿನ ಅಂಚಿನ ಒಂದು ಕುಣಿಕೆ, ಕೆಳಗಿನ ಅಂಚಿನ ಒಂದು ಕುಣಿಕೆ, ಎರಡನ್ನೂ ಒಂದೇ ಮುಳ್ಳಿಗೆ ಸಿಕ್ಕಿಸಿ, ಹಾಗೆ ಸಾಲಿನ ಕೊನೆಯವರೆಗೂ ಮಾಡಿ ಒಂದೇ ಎಳೆಯಲ್ಲಿ ಹೆಣೆಯಬೇಕು. ಕಣ್ಣು ಹೋಗುವ ಕೆಲಸ. ಮುಗಿದ ಮೇಲೆ ಎಲ್ಲಿ ಮುಚ್ಚಿದ್ದೆಂದು ಬೆರಳಿಗೆ ಗೊತ್ತಾಗುವುದಿಲ್ಲ. ತಿರುಪ್ಪೂರಿನ ಕಾರ್ಖಾನೆಯಲ್ಲಿ ನಿಯಾಝ್ ದುಡಿದ ಐದು ವರ್ಷವೂ ಹೊರದೇಶಕ್ಕೆ ಹೋಗುವ ಸಾಕ್ಸಿಗೆ ಲಿಂಕಿಂಗ್, ನಮ್ಮವರ ಕಾಲಿಗೆ ಓವರ್‌ಲಾಕ್. ಆ ಸಿಟ್ಟನ್ನೂ ಅವನು ಕಟ್ಟಿಕೊಂಡೇ ಊರಿಗೆ ಬಂದಿದ್ದ.

ನೌಷಾದನ ಯೂನಿಟ್ ಪುತ್ತೂರಿನ ದರ್ಬೆಯಾಚೆ, ಹಿಂದೆ ಪಾತ್ರೆ ಗೋದಾಮಾಗಿದ್ದ ಕಟ್ಟಡದಲ್ಲಿ. ನೌಷಾದ್ ಹದಿನಾಲ್ಕು ವರ್ಷ ಸೌದಿಯ ದಮ್ಮಾಮಿನ ಲಾಂಡ್ರಿಯಲ್ಲಿ ಬೇರೆಯವರ ಬಟ್ಟೆ ಒಗೆದು ಬಂದು ಹಾಕಿದ ಆರು ಮೆಷಿನ್. ಎಲ್ಲ ಶಾಲೆ ಮಕ್ಕಳ ಸಾಕ್ಸು. ಮೂತಿ ಮುಚ್ಚುವವರಿಗೆ ಅವನು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೂಲು ಕೊಟ್ಟಿದ್ದ. ತಪ್ಪು ಬಂದರೆ ಯಾರದ್ದೆಂದು ಗೊತ್ತಾಗಬೇಕಲ್ಲ. ಮುಹ್ಸಿನಾಳಿಗೆ ಹಳದಿ, ನಿಯಾಝ್‌ಗೆ ಹಸಿರು.

"ಕಾಕಾ, ಇದು ನೋಡಿ!" ನಿಯಾಝ್ ರಕ್ತದ ಕಲೆಯ ಸಾಕ್ಸನ್ನು ನೌಷಾದನ ಮೇಜಿನ ಮೇಲೆ ಎಸೆದ. "ನನ್ನ ಉಮ್ಮನ ಬೆರಳು ತಿಂದದ್ದು ನಿಮ್ಮ ಈ ಸಾಕ್ಸು. ಬಂದ ವಾರವೇ ಹೇಳಿದ್ದೆ ನಾನು, ಲಿಂಕಿಂಗ್ ಮೆಷಿನ್ ತನ್ನಿ ಅಂತ. ಹೇಳಿದ್ದೆನಾ ಇಲ್ವಾ?"

"ಹೇಳಿದ್ದಿ."

"ನೀವೆಂತ ಹೇಳಿದ್ರಿ?"

"ಶಾಲೆ ಶುರುವಾಗುದು ಈ ಜೂನಲ್ಲಿ, ಮುಂದಿನ ಜೂನಲ್ಲಿ ಅಲ್ಲ ಅಂತ ಹೇಳಿದೆ," ಎಂದ ನೌಷಾದ್. ಅವನು ಸಾಕ್ಸನ್ನು ಬೆಳಕಿಗೆ ಹಿಡಿದು ಒಳಗನ್ನು ಹೊರಗೆ ಮಾಡಿದ. ಹೊಲಿಗೆಯ ಮೇಲೆ ಬೆರಳು ಎಳೆದ. ತುದಿಯ ಗಟ್ಟಿಯನ್ನು ಉಗುರಿನಲ್ಲಿ ತಟ್ಟಿದ. "ಬಾಲ ಕತ್ತರಿಸಿಲ್ಲ."

ಅಷ್ಟು ಹೊತ್ತಿಗೆ ಮೆಷಿನುಗಳ ಸದ್ದು ನಿಂತಿತ್ತು. ಎಲ್ಲರೂ ಈ ಕಡೆಗೇ ನೋಡುತ್ತಿದ್ದರು. ಮುಹ್ಸಿನಾ ತನ್ನ ಸ್ಟೂಲಿನಿಂದಲೇ ಹೇಳಿದಳು, "ಹಸಿರು."

"ನಿನ್ನ ಹತ್ತಿರ ಯಾರು ಕೇಳಿದ್ದು? ನಿನ್ನದ್ದು ಹಳದಿ ಅಲ್ವಾ, ನೀನ್ಯಾಕೆ ಬಾಯಿ ಹಾಕುದು?"

"ನನ್ನದ್ದು ಹಳದಿ ಅಂತಲೇ ಬಾಯಿ ಹಾಕುದು. ನಾನು ಎರಡು ಕಡೆಯ ಬಾಲವನ್ನೂ ಕತ್ತರಿಸಿಯೇ ಬುಟ್ಟಿಗೆ ಹಾಕುದು. ಅದಕ್ಕೇ ನಿನ್ನಷ್ಟು ಸ್ಪೀಡ್ ಇಲ್ಲ. ಅದಕ್ಕೇ ದಿನಾ ನಿನ್ನ ಬಾಯಲ್ಲಿ ಆಮೆ, ಆಮೆ ಅಂತ ಹೇಳಿಸಿಕೊಳ್ಳುದು."

ಯಾರೋ ಹಿಂದಿನಿಂದ ನಕ್ಕರು. ನಿಯಾಝ್‌ನ ಕಿವಿಯ ತುದಿ ಸುಟ್ಟಿತು. ಹೌದು, ಯೂನಿಟ್ಟಿನಲ್ಲಿ ಅತಿ ಹೆಚ್ಚು ಮೂತಿ ಮುಚ್ಚುವವನು ಅವನೇ. ಲಿಂಕಿಂಗ್ ಬೇಡವಾ, ಹಾಗಾದರೆ ಓವರ್‌ಲಾಕಿನಲ್ಲಿ ಯಾರೂ ಮುಟ್ಟದಷ್ಟು ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದು ಕೂತವನು. ಒಂದರ ಹಿಂದೆ ಒಂದು ಕೊಡುತ್ತ ಹೋಗುವುದು, ನಡುವಿನ ನೂಲನ್ನು ಸುಮ್ಮನೆ ಹರಿದು ಬಿಸಾಡುವುದು. ಅರ್ಧ ಇಂಚಿನ ಬಾಲ ಯಾರ ಪ್ರಾಣ ತೆಗೆಯುತ್ತದೆ ಎಂದು ಅವನು ಒಮ್ಮೆ ಹೇಳಿದ್ದೂ ಉಂಟು. ಅದು ಎಲ್ಲರಿಗೂ ನೆನಪಿತ್ತು.

ಅವನು ಬಾಗಿಲಿಗೆ ಒಂದು ಒದೆ ಕೊಟ್ಟು ಹೊರಗೆ ಬಂದ. ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಮುಹ್ಸಿನಾ ಬಂದು ಎರಡು ಮೆಟ್ಟಿಲು ಮೇಲೆ ನಿಂತಳು.

"ಸಿಟ್ಟು ಮುಗಿದಿದ್ರೆ ಒಂದು ಮಾತು ಹೇಳುದಾ?"

"ಮುಗಿದಿಲ್ಲ."

"ಆದ್ರೂ ಹೇಳ್ತೇನೆ. ಸಂಪಾಜೆಯಲ್ಲಿ ಕೌಸಲ್ಯಕ್ಕ ಅಂತ ಒಬ್ಬರು ಉಂಟು. ಮೊದಲು ಮಡಿಕೇರಿ ಶಾಲೆಗಳಿಗೆ ಸ್ವೆಟರ್ ಮಾಡ್ತಿದ್ದವರು. ಅವರ ಹತ್ತಿರ ಲಿಂಕಿಂಗ್ ಮೆಷಿನ್ ಈಗಲೂ ಉಂಟಂತೆ. ಇಲ್ಲಿ ಕಿರುಚಿ ಎಂತ ಆಗ್ಲಿಕ್ಕುಂಟು? ಅಲ್ಲಿಗೆ ಹೋಗು." ಅವಳು ಮೂತಿ ಮುಚ್ಚದ ನಾಲ್ಕು ಸಾಕ್ಸು ಅವನ ಮಡಿಲಿಗೆ ಹಾಕಿ ಒಳಗೆ ಹೋದಳು.

ಮರುದಿನ ಮಡಿಕೇರಿ ಬಸ್ಸಿನಲ್ಲಿ ಸುಳ್ಯ ದಾಟಿ ಸಂಪಾಜೆಯಲ್ಲಿ ಇಳಿದ. ರಸ್ತೆಯಿಂದ ಮೇಲೆ, ಘಾಟಿ ಹತ್ತುವ ಲಾರಿಗಳು ಗೇರು ಬದಲಿಸುವ ಸದ್ದು ಕಿಟಕಿಗೇ ಬಡಿಯುವಂತಹ ಮನೆ. ಕೌಸಲ್ಯಕ್ಕನಿಗೆ ಅರುವತ್ತು ದಾಟಿತ್ತು. ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ, ಮೊದಲು ಆ ಕಲೆಯ ಸಾಕ್ಸನ್ನೇ ಕೇಳಿ ತೆಗೆದುಕೊಂಡರು.

"ಇದೆಂತ ಸಾಕ್ಸಾ, ಗದ್ದೆ ಬದುವಿನ ಕಟ್ಟಪುಣಿಯಾ? ಇದರ ಮೇಲೆ ಎರಡು ಜನ ನಡೆದುಕೊಂಡು ಹೋಗಬಹುದು. ಯಾರು ಹೊಲಿದದ್ದು?"

"ಯೂನಿಟ್ಟಿನ ಒಬ್ಬ," ಎಂದ ನಿಯಾಝ್.

"ಅವನಿಗೆ ಕೆಲಸ ಗೊತ್ತುಂಟು. ನೋಡು, ಹೊಲಿಗೆ ಎಷ್ಟು ಸೀದಾ ಉಂಟು. ಕೈಯಲ್ಲಿ ಹದ ಉಂಟು. ಆದ್ರೆ ಹೊಲಿಯುವಾಗ ಅವನ ತಲೆಯಲ್ಲಿ ಯಾರ ಕಾಲೂ ಇರ್ಲಿಲ್ಲ."

ನಿಯಾಝ್ ಕಿಟಕಿಯಾಚೆ ಹೋಗುತ್ತಿದ್ದ ಲಾರಿ ನೋಡಿದ.

ಹಳೆ ಸೀರೆ ಸರಿಸಿ ಕೌಸಲ್ಯಕ್ಕ ಮೆಷಿನ್ ತೋರಿಸಿದರು. ಮಲಗಿಸಿದ ತಟ್ಟೆಯಂತಹ ಒಂದು ಚಕ್ರ, ಅದರ ಅಂಚಿಗೆ ಸುತ್ತಲೂ ಮುಳ್ಳು. ಮುಹ್ಸಿನಾ ಕೊಟ್ಟ ಮೂತಿ ಮುಚ್ಚದ ಸಾಕ್ಸಿನ ತುದಿಯನ್ನು ಅದಕ್ಕೆ ಹಿಡಿದು ನೋಡಿದವರೇ ತಲೆ ಅಲ್ಲಾಡಿಸಿದರು. "ಆಗುದಿಲ್ಲ. ನನ್ನ ಮುಳ್ಳು ಸ್ವೆಟರಿಗೆ ಮಾಡಿದ್ದು, ಇಂಚಿಗೆ ಎಂಟು. ನಿನ್ನ ಕುಣಿಕೆ ಇಂಚಿಗೆ ಹನ್ನೆರಡು ಉಂಟು. ಎಳೆದು ಸಿಕ್ಕಿಸಿದ್ರೆ ಹರೀತದೆ."

"ಒಂದೂವರೆ ಗಂಟೆ ಬಸ್ಸಲ್ಲಿ ನಿಂತುಕೊಂಡು ಬಂದದ್ದು ನಾನು!"

"ಅದಕ್ಕೆ ನನ್ನ ಮುಳ್ಳು ಸಪುರ ಆಗ್ತದಾ?" ಕೌಸಲ್ಯಕ್ಕ ಸೀರೆಯನ್ನು ಮತ್ತೆ ಮುಚ್ಚಲಿಲ್ಲ. "ಇದರ ಜೋಡಿ ಮೆಷಿನ್ ಒಂದು ಇತ್ತು. ಕೈಯಲ್ಲಿ ತಿರುಗಿಸುವಂತಹದ್ದು, ತೊಂಬತ್ತಾರು ಸೂಜಿಯದ್ದು. ಚಳಿಗೆ ದಪ್ಪ ಸಾಕ್ಸು ಅದರಲ್ಲೇ ಮಾಡ್ತಿದ್ದದ್ದು. ಅದರ ಕುಣಿಕೆಗೂ ಇದರ ಮುಳ್ಳಿಗೂ ಸರಿ ಅಳತೆ. ಅದನ್ನು ನೌಷಾದ್ ಬ್ಯಾರಿ ತೆಗೆದುಕೊಂಡು ಹೋದ. ಇದನ್ನೂ ಕೊಂಡುಹೋಗು ಮಾರಾಯ, ಜೋಡಿ ಬೇರೆ ಮಾಡಬೇಡ ಅಂದೆ. ಇದು ನಿಧಾನ ಅಂತ ಇಲ್ಲೇ ಬಿಟ್ಟ. ಅದರಲ್ಲಿ ಹೆಣೆದು ತಾ. ಮುಚ್ಚುವುದು ನಾನು ಹೇಳಿಕೊಡ್ತೇನೆ."

ಆ ಮೆಷಿನ್ ನಿಯಾಝ್‌ಗೆ ಗೊತ್ತಿತ್ತು. ಯೂನಿಟ್ಟಿನ ಮೂಲೆಯಲ್ಲಿ ಅದರ ಮೇಲೆ ಅವನು ದಿನಾ ಊಟದ ಬುತ್ತಿ ಇಡುತ್ತಿದ್ದ.

ವಾಪಸು ಬರುವಾಗ ಪುತ್ತೂರಿನಿಂದ ಕೊಯಿಲದ ಬಸ್ಸಿನಲ್ಲಿ ಶಾಲೆ ಬಿಟ್ಟ ಮಕ್ಕಳು ತುಂಬಿದ್ದರು. ಎದುರಿನ ಸೀಟಿನಲ್ಲಿ ಒಂದು ಹುಡುಗಿ ಶೂ ಕಳಚಿ ಕಾಲು ಮೇಲಿಟ್ಟುಕೊಂಡಿದ್ದಳು. ಸಾಕ್ಸು ಉಲ್ಟಾ ಹಾಕಿದ್ದಳು. ಬೆರಳುಗಳ ಮೇಲೆ ಹಸಿರು ಗೆರೆ, ಎರಡು ಕಡೆಯೂ ಬಾಲ.

"ಸಾಕ್ಸು ಉಲ್ಟಾ ಉಂಟು," ಎಂದ ನಿಯಾಝ್.

"ಗೊತ್ತುಂಟು ಅಣ್ಣ. ಸೀದಾ ಹಾಕಿದ್ರೆ ಚುಚ್ತದೆ. ನಮ್ಮ ಕ್ಲಾಸಲ್ಲಿ ಎಲ್ಲರೂ ಹೀಗೆಯೇ ಹಾಕುದು. ಶೂ ಒಳಗೆ ಟೀಚರಿಗೆ ಕಾಣುದಿಲ್ಲ."

ಉಮ್ಮನಿಗಿಂತ ಈ ಹುಡುಗಿಗೆ ಅನುಕೂಲ ಹೆಚ್ಚು. ಇವಳ ಕಾಲಿಗೆ ಚುಚ್ಚಿದ್ದು ಗೊತ್ತಾಗುತ್ತದೆ. ನಿಯಾಝ್ ಎದ್ದು ಹೋಗಿ ಹಿಂದಿನ ಬಾಗಿಲಲ್ಲಿ ನಿಂತ.

ಶುಕ್ರವಾರ ಜುಮಾ ಮುಗಿದ ಮೇಲೆ ಯೂನಿಟ್ಟಿಗೆ ರಜೆ. ನೌಷಾದ್ ಒಬ್ಬನೇ ನೂಲಿನ ಚೀಲ ಎಣಿಸುತ್ತಿದ್ದ. ಬೈಯುವುದಾದರೆ ನಿಯಾಝ್‌ಗೆ ಮಾತು ಹುಡುಕಬೇಕಾಗಿರಲಿಲ್ಲ. ಕೇಳುವ ಮಾತು ಹೊರಡುವ ಮೊದಲು ಮಾತ್ರ ಅವನು ಎರಡು ಚೀಲ ಎತ್ತಿಕೊಟ್ಟ.

"ಕಾಕಾ, ಆ ಹಳೆ ಮೆಷಿನ್ ಒಂದು ಗಂಟೆ ಬೇಕಿತ್ತು."

"ಕೆಲಸ ಬಿಟ್ಟವನಿಗೆ ಎಂತಕ್ಕೆ ಮೆಷಿನ್?"

"ಬಿಟ್ಟದ್ದು ಅಂತ ನಾನು ಹೇಳ್ಲಿಲ್ಲ."

"ಬಾಗಿಲಿಗೆ ಒದ್ದದ್ದು ಮತ್ತೆ ಎಂತ, ಸಲಾಂ ಹೇಳಿದ್ದಾ?"

ನಿಯಾಝ್ ಬಾಗಿಲು ನೋಡಿದ. ಕೆಳಗಿನ ಹಲಗೆ ಸೀಳಿತ್ತು. "ಬಾಲ ಕತ್ತರಿಸದೆ ಬಿಟ್ಟದ್ದು ನಾನೇ ಕಾಕಾ. ಹಸಿರು ನನ್ನದ್ದೇ. ಆದ್ರೆ ಉಬ್ಬು ನಿಮ್ಮದ್ದು. ಅದನ್ನು ನಾನು ಈಗಲೂ ಹೇಳ್ತೇನೆ."

"ಹೇಳು. ಹೇಳುವವ ಬೇಕು. ಆದ್ರೆ ಈ ಆರು ಮೆಷಿನಿಗೆ ಲಿಂಕಿಂಗಿಗೆ ಕೂರ್ಲಿಕ್ಕೆ ಹತ್ತು ಜನ ಬೇಕು. ಎಲ್ಲಿಂದ ತರುದು, ಪಯಸ್ವಿನಿ ಹೊಳೆಯಲ್ಲಿ ಬಲೆ ಹಾಕಿ ಹಿಡಿಯುದಾ?" ನೌಷಾದ್ ಹಾಗೆ ಹೇಳುತ್ತಲೇ ಎದ್ದು ಹೋಗಿ ಹಳೆ ಮೆಷಿನಿನ ಧೂಳು ಒರೆಸಿದ. ಎಣ್ಣೆ ಬಿಟ್ಟ. ಬಗ್ಗಿದ್ದ ಮೂರು ಸೂಜಿ ಬದಲಿಸಿದ. ಅಟ್ಟದಿಂದ ದಪ್ಪ ಹತ್ತಿ ನೂಲಿನ ಒಂದು ಉಂಡೆ ಇಳಿಸಿದ. "ಉಮ್ಮನ ಕಾಲಿನ ಅಳತೆ ಎಷ್ಟು?"

ನಿಯಾಝ್‌ಗೆ ಗೊತ್ತಿರಲಿಲ್ಲ. ಎಷ್ಟೋ ಸಾವಿರ ಕಾಲಿಗೆ ಮೂತಿ ಮುಚ್ಚಿದವನಿಗೆ ಮನೆಯ ಎರಡು ಕಾಲಿನ ಅಳತೆ ಗೊತ್ತಿರಲಿಲ್ಲ. ಫೋನು ಮಾಡಿದ.

"ಒಂದು ಗೇಣು, ಮೇಲೆ ಎರಡು ಬೆರಳು," ಎಂದಳು ನೆಬೀಸ ಆ ಕಡೆಯಿಂದ. "ನನ್ನ ಗೇಣು ಮೋನೆ, ನಿನ್ನದ್ದಲ್ಲ. ನಿನ್ನದ್ದು ಹಿಡಿದು ಆನೆಗೆ ಹೆಣೆದು ತರ್ಬೇಡ."

ಎಂಟು ತಾಸು ಆಯಿತು. ಒಂದು ಗಂಟೆಯ ಕೆಲಸಕ್ಕೆ ಎಂಟು ತಾಸು. ಮೊದಲಿನದ್ದು ಹಿಮ್ಮಡಿಯಲ್ಲಿ ಹರಿಯಿತು, ಎರಡನೆಯದ್ದು ಮೊಲದ ಕಿವಿಯಷ್ಟು ಉದ್ದವಾಯಿತು. ನೌಷಾದ್ ಹಿಡಿಕೆ ತಿರುಗಿಸಿದ, ನಿಯಾಝ್ ಕೆಳಗಿನಿಂದ ಎಳೆ ಹಿಡಿದ. ಇಬ್ಬರೂ ಬೈದುಕೊಂಡರು. ಕಡೆಗೆ ಒಂದು ಜೊತೆ, ತುದಿಯಲ್ಲಿ ಸಡಿಲವಾದ ಒಂದು ಸಾಲು ಕುಣಿಕೆ, ಆಮೇಲೆ ಬಿಚ್ಚಿ ಬಿಸಾಡಲಿಕ್ಕೆಂದು ಬೇರೆ ಬಣ್ಣದ ನಾಲ್ಕು ಸಾಲು, ಎಲ್ಲ ಸರಿಯಾಗಿ ಇಳಿದು ಬಂತು.

ಶನಿವಾರ ಸಂಪಾಜೆಯಲ್ಲಿ ಕೌಸಲ್ಯಕ್ಕ ಅವನನ್ನು ಮೆಷಿನಿನ ಎದುರು ಕೂರಿಸಿದರು. ತಾವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು.

"ನಲ್ವತ್ತೆಂಟು ಮುಳ್ಳು. ಪ್ರತಿಯೊಂದಕ್ಕೂ ಮೇಲಿನದ್ದು ಒಂದು, ಕೆಳಗಿನದ್ದು ಒಂದು. ಬಿಟ್ಟದ್ದು ಕಂಡ್ರೆ ನಾನು ಬಿಚ್ಚಿಸ್ತೇನೆ."

"ನೀವೇ ಮಾಡಿ ಕೊಡಿ ಅಕ್ಕ. ನಿಮಗೆ ಹತ್ತು ನಿಮಿಷದ ಕೆಲಸ."

"ನನ್ನ ಕಣ್ಣು ಈಗ ಅಷ್ಟಕ್ಕಷ್ಟೆ. ಮತ್ತೆ ಈ ಜೊತೆ ಹರಿದ ಮೇಲೆ ಇನ್ನೊಂದಕ್ಕೆ ಯಾರನ್ನು ಹುಡುಕಿಕೊಂಡು ಹೋಗ್ತಿ?"

ಹದಿನೇಳನೆಯ ಮುಳ್ಳಿಗೆ ಬರುವಾಗ ಒಂಬತ್ತನೆಯದ್ದು ತಪ್ಪಿತ್ತು. ಬಿಚ್ಚಿಸಿದರು. ಎರಡನೆಯ ಸಲ ಮೂವತ್ತೊಂದರವರೆಗೆ ಹೋಗಿ ಒಂದು ಕುಣಿಕೆ ಜಾರಿ ಕೆಳಗಿನ ಮೂರು ಸಾಲಿಗೆ ಏಣಿಯ ಹಾಗೆ ಇಳಿಯಿತು. ನಿಯಾಝ್ ಸಾಕ್ಸನ್ನು ಎತ್ತಿ ಗೋಡೆಗೆ ಬಿಸಾಡಿದ. ಕೌಸಲ್ಯಕ್ಕ ಎದ್ದು ಹೋಗಿ ಕಷಾಯ ಮಾಡಿ ತಂದರು. ಕುಡಿದರು. ಗೋಡೆಯ ಬುಡದಲ್ಲಿ ಬಿದ್ದದ್ದನ್ನು ಅವರು ಎತ್ತಿಕೊಡಲಿಲ್ಲ. ಅವನೇ ಹೋಗಿ ಎತ್ತಿಕೊಂಡು ಬಂದು, ಜಾರಿದ್ದನ್ನು ಕೊಕ್ಕೆಯಲ್ಲಿ ಮೇಲೆ ಹತ್ತಿಸಿ, ಮತ್ತೆ ಒಂದನೆಯ ಮುಳ್ಳಿನಿಂದ ಶುರು ಮಾಡಿದ. ಸಿಟ್ಟು ಇತ್ತು. ಆದರೆ ಸಿಟ್ಟಿನಲ್ಲಿ ಕೈ ನಡುಗಿದರೆ ಕುಣಿಕೆ ಮುಳ್ಳಿಗೆ ಸಿಗುವುದಿಲ್ಲ. ಅದಕ್ಕೆ ಉಸಿರು ಹಿಡಿದು ಕೂರಬೇಕಾಯಿತು.

"ಅಕ್ಕ," ಎಂದ ತಲೆ ಎತ್ತದೆ, "ಆ ಹಸಿರು ಹೊಲಿಗೆ ನನ್ನದ್ದು."

"ಯಾವ ಹಸಿರು?"

"ಮೊನ್ನೆ ತಂದ ಸಾಕ್ಸು. ಯೂನಿಟ್ಟಿನ ಒಬ್ಬ ಅಂತ ಹೇಳಿದ್ದೆನಲ್ಲ, ಅದು ನಾನೇ."

ಕೌಸಲ್ಯಕ್ಕ ಕನ್ನಡಕ ಏರಿಸಿ ಮುಳ್ಳುಗಳ ಮೇಲೆ ಬಗ್ಗಿದರು. "ಹೌದಾ? ಇಪ್ಪತ್ತೆರಡರಲ್ಲಿ ಕೆಳಗಿನದ್ದು ಬಿಟ್ಟಿದ್ದಿ ನೋಡು."

ಬಲಗಾಲಿನದ್ದು ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು. ಬೇರೆ ಬಣ್ಣದ ಸಾಲುಗಳನ್ನು ಬಿಚ್ಚಿ ತೆಗೆದು, ಉಳಿದ ನೂಲಿನ ತುದಿಯನ್ನು ಕೌಸಲ್ಯಕ್ಕ ಸೂಜಿಯಲ್ಲಿ ಕುಣಿಕೆಗಳ ನಡುವೆ ಓಡಿಸಿ ಮುಳುಗಿಸಿದರು. "ಗಂಟು ಹಾಕುವ ಹಾಗೆಯೇ ಇಲ್ಲ, ನೆನಪಿರಲಿ. ಗಂಟು ಅಂದ್ರೆ ಕಾಲಿಗೆ ಕಲ್ಲು." ಎಡಗಾಲಿನದ್ದನ್ನು ಅವನೊಬ್ಬನೇ ಮಾಡಿದ. ಕೊನೆಯ ಮುಳ್ಳು ಕಳಚುವಾಗ ಕೆಳಗೆ ಪುತ್ತೂರಿನ ಬಸ್ಸಿನ ಹಾರನ್ ಕೇಳಿತು. ಅವನು ಚಟ್ಟನೆ ನೂಲಿನ ತುದಿಯನ್ನು ಸುತ್ತಿ ಎಳೆದು ಬಿಗಿ ಮಾಡಿ, ಜೊತೆಯನ್ನು ಕಿಸೆಗೆ ತುರುಕಿ ಓಡಿದ.

ಸೋಮವಾರ ಮುಹ್ಸಿನಾಳ ಪಕ್ಕದ ಮೆಷಿನಿನಲ್ಲಿ ಅವನು ಮತ್ತೆ ಓವರ್‌ಲಾಕಿಗೆ ಕೂತ. ಉಬ್ಬು ಉಬ್ಬೇ, ಅದಕ್ಕೇನೂ ಮಾಡುವ ಹಾಗಿರಲಿಲ್ಲ. ಎರಡು ಕಡೆಯ ಬಾಲ ಮಾತ್ರ ಕತ್ತರಿಸಿ ಬುಟ್ಟಿಗೆ ಹಾಕಿದ. ಸಂಜೆಗೆ ಅವನ ಬುಟ್ಟಿ ಮುಕ್ಕಾಲೂ ತುಂಬಿರಲಿಲ್ಲ.

"ಎಂತ ಆಮೆ, ಊಟ ಆಯ್ತಾ?" ಎಂದಳು ಮುಹ್ಸಿನಾ.

ಹತ್ತನೆಯ ದಿನ ಡಾಕ್ಟರ್ ಚಿನ್ಮಯೀ ಪಟ್ಟಿ ಬಿಚ್ಚಿದರು. ನಿಯಾಝ್ ಈ ಸಲ ಬಾಗಿಲಲ್ಲಿ ನಿಲ್ಲದೆ ಮಂಚದ ಹತ್ತಿರ ಬಂದಿದ್ದ. ಕಪ್ಪು ಮೇಲೆ ಹತ್ತಿರಲಿಲ್ಲ. ಹುಣ್ಣಿನ ಮೇಲೆ ತೆಳುವಾಗಿ ಹೊಸ ಚರ್ಮ ಬಂದಿತ್ತು. ಬೆರಳು ಉಳಿಯಿತು, ಉಗುರು ಉಳಿಯಲಿಲ್ಲ.

"ಉಗುರಿಲ್ಲದಿದ್ರೆ ಕತ್ತರಿಸುವ ಕೆಲಸವೂ ಇಲ್ಲ," ಎಂದಳು ನೆಬೀಸ.

ಮನೆಗೆ ಬಂದು ಅವಳು ಜಗಲಿಯಲ್ಲಿ ಕಾಲು ನೀಡಿ ಕೂತು ಬೀಡಿಯ ಎಲೆ ಮಡಿಲಿಗೆ ಎಳೆದುಕೊಂಡಳು. ನಿಯಾಝ್ ಒಳಗೆ ಹೋಗಿ ಅವಳ ಪೆಟ್ಟಿಗೆಯಿಂದ ಹಸಿರು ನೂಲಿನ ಸಾಕ್ಸುಗಳನ್ನೆಲ್ಲ ತಂದು ಅಂಗಳಕ್ಕೆ ಹಾಕಿದ. ಏಳು ಜೊತೆ ಇದ್ದವು.

"ಅದೆಂತಕ್ಕೆ ಮೋನೆ? ಹೊಸತು ಉಂಟು ಅದರಲ್ಲಿ."

"ಅದೇ ನಿನ್ನ ಬೆರಳು ತಿಂದದ್ದು. ಮುಹ್ಸಿನಾ ಹೊಲಿದದ್ದು ಹಾಕಿದ್ರೆ ಇಷ್ಟು ಆಗ್ತಿರ್ಲಿಲ್ಲ. ನಾನು ಬಾಲ ಕತ್ತರಿಸ್ತಿರ್ಲಿಲ್ಲ ಉಮ್ಮ. ಬೇಗ ಆಗ್ಲಿಕ್ಕೆ."

ನೆಬೀಸಳ ಕೈ ನಿಂತಿತು. ಅಂಗಳದ ರಾಶಿಯನ್ನು ನೋಡಿದಳು, ಕಾಲನ್ನು ನೋಡಿದಳು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಎಷ್ಟು ಜನರಿಗೆ ಆ ಹಸಿರು ತೋರಿಸಿದ್ದಳೋ. ನಿಯಾಝ್ ಕಾದ. ಬೈದರೆ ಒಳ್ಳೆಯದಿತ್ತು.

"ಮತ್ತೆ ಈಗ ಹಾಕುವುದು ಎಂತ?" ಎಂದಳು ಕಡೆಗೆ.

ಪಟ್ಟಿ ಬಿಚ್ಚುವ ದಿನಕ್ಕೆಂದು ಇಟ್ಟುಕೊಂಡಿದ್ದ ದಪ್ಪ ಬಿಳಿ ಜೊತೆಯನ್ನು ಅವನು ಕಿಸೆಯಿಂದ ತೆಗೆದು ಕೊಟ್ಟ. ನೆಬೀಸ ಅದನ್ನು ಕಾಲಿಗೆ ಹಾಕಲಿಲ್ಲ. ಒಳಗನ್ನು ಹೊರಗೆ ಮಾಡಿದಳು. ಮೂವತ್ತೈದು ವರ್ಷ ಬೀಡಿ ಕಟ್ಟಿದ ಬೆರಳುಗಳು ಅವು. ಕಾಲು ಸತ್ತರೂ ಅವು ಸತ್ತಿರಲಿಲ್ಲ, ಎಲೆಯೊಳಗೆ ತಂಬಾಕಿನ ಒಂದು ಕಡ್ಡಿ ಹೆಚ್ಚು ಸೇರಿದರೂ ಹೊರಗಿನಿಂದಲೇ ಹೇಳುತ್ತಿದ್ದವು. ಬಲಗಾಲಿನ ಸಾಕ್ಸಿನ ತುದಿಯಲ್ಲಿ ಹೆಬ್ಬೆರಳು ಹೋಗಿ ಬಂತು. ಮತ್ತೊಮ್ಮೆ ಹೋಯಿತು. ಅವಳು ಅದನ್ನು ಪಕ್ಕಕ್ಕೆ ಇಟ್ಟಳು. ಎಡಗಾಲಿನದ್ದರಲ್ಲಿ ಅರ್ಧ ಹೋಗಿ, ಮುಕ್ಕಾಲು ಹೋಗಿ, ಕಿರುಬೆರಳಿನ ಕಡೆಯ ತುದಿಯಲ್ಲಿ ನಿಂತುಬಿಟ್ಟಿತು.

"ಇಲ್ಲಿ ಒಂದು ಉಂಟು."

"ಎಂತ ಉಂಟು? ಎಂತದೂ ಇಲ್ಲ ಅಲ್ಲಿ."

"ಗಂಟು."

ಬಸ್ಸಿನ ಹಾರನ್ ನಿಯಾಝ್‌ನ ಕಿವಿಗೆ ಬಡಿಯಿತು. "ಅಷ್ಟು ಸಣ್ಣದ್ದಕ್ಕೆ ಎಂತ ಆಗ್ತದೆ ಉಮ್ಮ..." ಎನ್ನಲು ಹೊರಟವನು ಅರ್ಧಕ್ಕೇ ನಿಂತ.

ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಹಾಳು ಕಟ್ಟನ್ನು ಹೇಗೆ ಎಸೆಯುತ್ತಾನೋ ಹಾಗೆಯೇ ನೆಬೀಸ ಆ ಸಾಕ್ಸನ್ನು ಅವನ ಮಡಿಲಿಗೆ ಎಸೆದಳು. "ವಾಪಸ್."

ನಿಯಾಝ್ ಎದ್ದ. ಬಾಯಿಗೆ ಬಂದದ್ದನ್ನು ನುಂಗಿ, ಒಳಗಿನಿಂದ ಸೂಜಿ ತಂದು ಜಗಲಿಯ ಅಂಚಿನಲ್ಲಿ ಬೆಳಕಿಗೆ ಬೆನ್ನು ಕೊಡದೆ ಕೂತ. ಗಂಟು ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಬಿಚ್ಚಿದ ಎಳೆಯನ್ನು ಕುಣಿಕೆಯಿಂದ ಕುಣಿಕೆಗೆ, ಒಂದನ್ನೂ ಬಿಡದೆ, ಓಡಿಸಿ ಮುಳುಗಿಸಿದ. ಕೊಟ್ಟ. ಅವಳು ಮುಟ್ಟಿ ನೋಡಿ ಮತ್ತೆ ಎಸೆದಳು. ತುದಿ ಸ್ವಲ್ಪ ಮೇಲೆ ಬಂದಿತ್ತು. ಇನ್ನೊಮ್ಮೆ ಓಡಿಸಿದ.

ಮೂರನೆಯ ಸಲ ಅವಳ ಹೆಬ್ಬೆರಳು ಈ ತುದಿಯಿಂದ ಆ ತುದಿಗೆ ಎಲ್ಲಿಯೂ ನಿಲ್ಲದೆ ಹೋಯಿತು. ನೆಬೀಸ ಬೀಡಿಯ ಎಲೆ ಬದಿಗೆ ಸರಿಸಿ ಎರಡೂ ಕಾಲನ್ನು ಅವನ ಕಡೆಗೆ ನೀಡಿದಳು.

"ಹಾಕು. ಸೀದಾ ಹಾಕು ಆಯ್ತಾ, ಉಲ್ಟಾ ಅಲ್ಲ."